ಯಾರೂ ಕಾಯದ ರೇವು

ಆ ಊರಿನ ಯಾವ ಮನೆಗೂ ನದಿಯ ಕಡೆ ಬಾಗಿಲಿಲ್ಲ. ಕಿಟಕಿಯೂ ಇಲ್ಲ. ಆಫ್ರಿಕಾದ ಹುಲ್ಲುಬಯಲಿನ ನಡುವೆ, ಆಚೆ ದಡ ಕಾಣದಷ್ಟು ಅಗಲವಾದ ಕಂದು ನದಿಯ ಪಕ್ಕದಲ್ಲಿ, ಮಣ್ಣಿನ ಮನೆಗಳು ನದಿಗೆ ಬೆನ್ನು ಹಾಕಿ ಸಾಲಾಗಿ ಕೂತಿವೆ. ರೇವುಪಟ್ಟಣವೆಂದರೆ ನದಿಯಿಂದಲೇ ಹೊಟ್ಟೆ ಹೊರೆಯುವ ಊರು. ಮೇಲಿನ ಗಣಿಗಳಿಂದ ಹಲಗೆಯಂತೆ ಕಡಿದ ಉಪ್ಪು ಬರುತ್ತದೆ, ಕೆಳಗಿನಿಂದ ಒಣಮೀನು ಬರುತ್ತದೆ, ಊರಿನ ಸಜ್ಜೆ ಎರಡೂ ಕಡೆಗೆ ಹೋಗುತ್ತದೆ. ಅಂಥ ಊರು ತನಗೆ ಉಣ್ಣಿಸುವ ನದಿಯತ್ತ ಮುಖ ಮಾಡುವುದಿಲ್ಲವೆಂದರೆ ಹೊರಗಿನ ವ್ಯಾಪಾರಿಗಳಿಗೆ ವಿಚಿತ್ರ ಅನ್ನಿಸುತ್ತದೆ. ಯಾಕೆ ಹೀಗೆ ಎಂದು ಕೇಳುತ್ತಾರೆ. ಬಿಸಿಲು ಆ ಕಡೆಯಿಂದ ಬರುತ್ತದೆ ಎಂದು ಊರಿನವರು ಹೇಳುತ್ತಾರೆ. ಅಲ್ಲಿ ಬಿಸಿಲು ಎಲ್ಲ ಕಡೆಯಿಂದಲೂ ಬರುತ್ತದೆ. ಅದು ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು.

ಆ ಊರಿನಲ್ಲಿ ಯಾರೂ ಯಾರಿಗಾಗಿಯೂ ಕಾಯುವಂತಿಲ್ಲ. ಇರುವುದು ಅದೊಂದೇ ಕಟ್ಟಳೆ. ಕಳ್ಳನನ್ನು ಬೈದು ಬಿಟ್ಟುಬಿಡುತ್ತಾರೆ, ಜಗಳವಾದರೆ ನಿಂತು ನೋಡುತ್ತಾರೆ, ಸುಳ್ಳಿಗಂತೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಾಯುವುದು ಮಾತ್ರ ಕೂಡದು.

ಹಿಂದೆ ಹೀಗಿರಲಿಲ್ಲವಂತೆ. ಗಂಡಸರು ದೋಣಿ ಹತ್ತಿ ಹೋದರೆ ಹೆಂಗಸರು ರೇವಿನಲ್ಲಿ ನಿಲ್ಲುತ್ತಿದ್ದರಂತೆ. ಮೊದಮೊದಲು ಸಂಜೆಗಷ್ಟೇ ನಿಂತರು, ಆಮೇಲೆ ಮಧ್ಯಾಹ್ನದಿಂದ, ಆಮೇಲೆ ಬೆಳಗಿನಿಂದ. ಒರಳಿನಲ್ಲಿ ಸಜ್ಜೆ ಹಾಗೇ ಉಳಿಯಿತು. ಒಲೆಗಳು ಆರಿದವು. ಆಡುಗಳು ಹಾಲು ಕರೆಯುವವರಿಲ್ಲದೆ ಕೂಗಿ ಕೂಗಿ ಸುಮ್ಮನಾದವು. ಕಡೆಗೊಂದು ದಿನ ಒಬ್ಬ ತಾಯಿ ನದಿ ನೋಡುತ್ತ ನಿಂತಿದ್ದಾಗ ಅವಳ ಮಡಿಲಿನ ಕೂಸು ಹಸಿದು ಸತ್ತಿತು. ಸಂಜೆಯಾಗುವವರೆಗೆ ಅವಳಿಗೆ ತಿಳಿಯಲಿಲ್ಲ. ಅಂದು ಹಿರಿಯರು ಊರ ಮುಂದಿನ ಬಾವೊಬಾಬ್ ಎಂಬ ದಪ್ಪ ಕಾಂಡದ ಮರದ ಕೆಳಗೆ ಕೂತು ಕಟ್ಟಳೆ ಮಾಡಿದರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆ ಕೂಸನ್ನು ಹೂತು ಬಂದ ಕೈಯಲ್ಲೇ ಮಾಡಿದರು. ಅದಕ್ಕೇ ಅದು ಅಷ್ಟು ಗಟ್ಟಿಯಾಗಿ ನಿಂತಿತೋ ಏನೋ.

ಕಟ್ಟಳೆ ಹೀಗಿದೆ. ಊರಿನವನೊಬ್ಬ ದೋಣಿ ಹತ್ತಿದರೆ ಅವನ ಮನೆಯವರಲ್ಲಿ ಒಬ್ಬರು ಅವನು ಉಣ್ಣುವ ಸೋರೆಬುರುಡೆಯ ಬಟ್ಟಲನ್ನು ತಂದು ರೇವಿನಲ್ಲಿ ನಿಲ್ಲಬೇಕು. ದೋಣಿಯವನು ಗಳ ಊರಿಕೊಂಡು ಹೋಗುತ್ತಾನೆ. ಗಳಕ್ಕೆ ನೆಲ ಸಿಗದ ಜಾಗ ಬಂದಾಗ ಅವನು ಅದನ್ನು ಮೇಲೆತ್ತಿ ತೋರಿಸುತ್ತಾನೆ. ಆಗ ಬಟ್ಟಲನ್ನು ಕಲ್ಲಿಗೆ ಹೊಡೆದು ಒಡೆಯಬೇಕು. ಡೋಲಿನವನು ಡೋಲು ಬಾರಿಸಿ ಕೂಗುತ್ತಾನೆ: "ಹೋದ. ಉಣ್ಣಿ." ಅಷ್ಟಾದರೆ ಹೋದವನು ಊರಿನ ಪಾಲಿಗೆ ಸತ್ತ. ಮನೆಗೆ ಬಂದು ಉಣ್ಣುತ್ತಾರೆ.

ಹೋದವರು ಬರುವುದೇ ಇಲ್ಲವೆಂದಲ್ಲ. ಬರುತ್ತಾರೆ. ಆದರೆ ಸತ್ತವರು ಬರುವ ಹಾಗಿಲ್ಲವಲ್ಲ, ಅದಕ್ಕೆ ಅವರು ಹುಟ್ಟಿ ಬರಬೇಕು. ಊರಿನ ಹೆಂಗಸರು ಸರದಿಯ ಮೇಲೆ ಅವರನ್ನು ಹೆರುತ್ತಾರೆ. ಯಾರ ಸರದಿಯೋ ಅವರ ಬಾಗಿಲಿಗೆ ಸೂಲಗಿತ್ತಿ ಒಂದು ಮಣ್ಣಿನ ಮಣಿಸರ ತೂಗುಹಾಕಿರುತ್ತಾಳೆ. ದೋಣಿಯಿಂದ ಇಳಿದವನು ಮೊಣಕಾಲುದ್ದ ನೀರಿನಲ್ಲಿ ನಿಂತಿರುತ್ತಾನೆ. ಸರದಿಯ ಹೆಂಗಸು ನೀರಂಚಿನಲ್ಲಿ ಮಣೆ ಹಾಕಿ ಕೂರುತ್ತಾಳೆ. ನೆತ್ತಿಯಿಂದ ನೆಲದವರೆಗೆ ಅವಳನ್ನು ಮುಚ್ಚುವಂತೆ ದೊಡ್ಡದೊಂದು ನೀಲಿ ಬಟ್ಟೆ ಹೊದಿಸುತ್ತಾರೆ. ನೀರಿನಲ್ಲಿ ನಿಂತವನು ತೆವಳಿಕೊಂಡು ಬಂದು ಹಿಂದಿನಿಂದ ಬಟ್ಟೆಯೊಳಗೆ ಹೋಗಬೇಕು, ಒಳಗೇ ಒಮ್ಮೆ ಅಳಬೇಕು, ಆಮೇಲೆ ಮುಂದಿನಿಂದ ಹೊರಗೆ ಬರಬೇಕು. ಅಳು ಕೇಳಿದ ಮೇಲೆ ಸೂಲಗಿತ್ತಿ ಕೈ ಎತ್ತುತ್ತಾಳೆ, ಡೋಲು ಬಾರಿಸುತ್ತಾರೆ, ಮಗು ಹುಟ್ಟಿತು. ಹೊಸ ಹೆಸರು, ಹೊಸ ತಾಯಿ, ಹೊಸ ಮನೆ. ಒಂದು ನೆರೆ ಬಂದು ಇಳಿಯುವವರೆಗೆ ಅವನು ಆ ಮನೆಯ ಕೂಸು. ಆಮೇಲೆ ಅವನಿಗೆ ಸ್ವಂತ ಬಟ್ಟಲು ಕೊಡುತ್ತಾರೆ. ಅವನು ದೊಡ್ಡವನಾದ, ದುಡಿಯಬಹುದು, ಮದುವೆಯಾಗಬಹುದು, ಮತ್ತೆ ದೋಣಿ ಹತ್ತಬಹುದು. ಹಳೆಯ ಮನೆಯ ಸುದ್ದಿ ಮಾತ್ರ ಎತ್ತುವಂತಿಲ್ಲ.

ಅಳದಿದ್ದರೆ? ಅಳದ ಕೂಸು ಸತ್ತು ಹುಟ್ಟಿದ ಕೂಸು. ಅದನ್ನು ಬಂದ ದೋಣಿಗೇ ವಾಪಸು ಹತ್ತಿಸುತ್ತಾರೆ, ಮತ್ತೆ ಯಾವತ್ತೂ ಇಳಿಸುವುದಿಲ್ಲ. ಆದರೆ ಹಾಗೆ ಆದದ್ದು ಕಡಿಮೆ. ಹೆಚ್ಚಿನವರು ಕೆಮ್ಮಿದ ಹಾಗೆ ಒಂದು ಸಲ ಅತ್ತು ಕೆಲಸ ಮುಗಿಸುತ್ತಾರೆ.

ಹೀಗಾಗಿ ಆ ಊರಿನ ನಂಟಸ್ತಿಕೆಯನ್ನು ಬಿಡಿಸಲು ಹೋದರೆ ತಲೆ ತಿರುಗುತ್ತದೆ. ನೆರೆತ ಗಡ್ಡದವನು ಹದಿಹರೆಯದ ಹುಡುಗಿಯನ್ನು ಅವ್ವ ಅನ್ನುತ್ತಾನೆ. ಅಣ್ಣತಮ್ಮಂದಿರು ಪಕ್ಕದಲ್ಲೇ ಕೂತು ಹೊಸ ಪರಿಚಯದವರ ಹಾಗೆ ಮಳೆಯ ಮಾತಾಡುತ್ತಾರೆ. ತಾಯಿಯೇ ತನ್ನ ಮಗನನ್ನು ಮತ್ತೊಮ್ಮೆ ಹೆತ್ತಿರಬಹುದು, ಮಗಳು ತಂದೆಯನ್ನು ಹೆತ್ತಿರಬಹುದು. ಆಗಿರಬಹುದು. ಯಾರೂ ಹೇಳಿಲ್ಲ. ಹೇಳಿದರೆ ಗುರುತು ಹಿಡಿದಂತೆ, ಗುರುತು ಹಿಡಿದರೆ ಕಾದಂತೆ. ಕಾದದ್ದು ಗೊತ್ತಾದರೆ ಶಿಕ್ಷೆ ಕಾದವರಿಗಲ್ಲ, ಬಂದವನಿಗೆ. ಅವನನ್ನು ದೋಣಿಗೆ ಹತ್ತಿಸುತ್ತಾರೆ. ಹಿರಿಯರು ಅಲ್ಲೂ ಬುದ್ಧಿವಂತರೇ. ತನ್ನ ಬೆನ್ನಿಗಾದರೆ ಕಾದವಳು ಏಟು ತಿಂದಾಳು, ಇನ್ನೊಬ್ಬರ ಬೆನ್ನಿಗೆ ಏಟು ಬೀಳುವುದನ್ನು ಯಾರು ಬಯಸುತ್ತಾರೆ?

ಆ ಊರಿನವರು ದುಃಖಿಗಳಲ್ಲ. ಅದನ್ನು ಹೇಳಬೇಕು. ದುಃಖ ಅಲ್ಲಿಲ್ಲ. ಬೆಳಿಗ್ಗೆ ಎದ್ದು ಸಜ್ಜೆ ಕುಟ್ಟುತ್ತಾರೆ, ಗಂಜಿ ಕಾಯಿಸುತ್ತಾರೆ, ನೆರೆ ಇಳಿದ ಮೇಲೆ ಗೋಡೆಗೆ ಮಣ್ಣು ಮೆತ್ತುತ್ತಾರೆ. ನಗುವ ಮಾತಿಗೆ ನಗುತ್ತಾರೆ. ನಕ್ಕ ಮೇಲೆ ಬಾಯಿ ತಂತಾನೇ ಮುಚ್ಚಿಕೊಳ್ಳುತ್ತದೆ. ಅಷ್ಟೇ.

ಈ ಊರಿನಲ್ಲಿ ಒಬ್ಬ ಗಡಿಗೆ ಮಾಡುವವಳಿದ್ದಳು.

ಅವಳು ತಿರುಗುವ ಚಕ್ರದ ಮೇಲೆ ಗಡಿಗೆ ಮಾಡುತ್ತಿರಲಿಲ್ಲ. ಅಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಹಳೆಯ ಗಡಿಗೆಯೊಂದನ್ನು ಬೋರಲು ಹಾಕಿ, ಅದರ ತಳದ ಮೇಲೆ ಹಸಿ ಮಣ್ಣು ಹಚ್ಚಿ, ತಟ್ಟಿ ತಟ್ಟಿ ತೆಳ್ಳಗೆ ಮಾಡಿ, ಆಮೇಲೆ ಮಣ್ಣಿನ ಸುರುಳಿ ಏರಿಸಿ ಬಾಯಿ ಕಟ್ಟುತ್ತಿದ್ದಳು. ದೋಣಿಯವರು ಕುಡಿಯುವ ನೀರಿಗೆ ಅವಳ ಗಡಿಗೆಯನ್ನೇ ಒಯ್ಯುತ್ತಿದ್ದರು. ಮಣ್ಣನ್ನು ಹದ ಮಾಡಲು ತುಳಿಯಬೇಕಲ್ಲ, ಆ ಕೆಲಸವನ್ನು ಹಿಂದೆ ಅವಳ ಗಂಡ ಮಾಡುತ್ತಿದ್ದ. ಎಡಗಾಲಿನ ಹಿಮ್ಮಡಿಯ ಮೇಲೆ ಅವನಿಗೆ ಭಾರ ಹೆಚ್ಚು. ತುಳಿದ ಮಣ್ಣಿನಲ್ಲಿ ಒಂದು ಹೆಜ್ಜೆ ಆಳ, ಒಂದು ಹೆಜ್ಜೆ ತೇಲು. "ನೀನು ಮಣ್ಣು ತುಳೀತೀಯೋ, ಅದರ ಹತ್ತಿರ ಜಗಳ ಆಡ್ತೀಯೋ?" ಎಂದು ಅವಳು ರೇಗಿಸುತ್ತಿದ್ದಳು. ಆಳವಾದ ಕಡೆಯ ಮಣ್ಣನ್ನು ಮತ್ತೆ ಕೈಯಲ್ಲಿ ನಾದಿ ಸರಿಮಾಡುತ್ತಿದ್ದಳು.

ಒಂದು ವರ್ಷ ಉಪ್ಪಿನ ದೋಣಿಗೆ ಆಳು ಸಾಲಲಿಲ್ಲ. ಅವನು ಹೋದ. ಅವಳು ಬಟ್ಟಲು ಹಿಡಿದು ರೇವಿನಲ್ಲಿ ನಿಂತಳು. ಗಳ ಮೇಲೆದ್ದಿತು. ಅವಳು ಒಂದೇ ಏಟಿಗೆ ಬಟ್ಟಲು ಒಡೆದಳು. ಕೆಲವರಿಗೆ ಎರಡು ಮೂರು ಏಟು ಬೇಕಾಗುತ್ತದೆ. ಇವಳ ಕೈ ಗಡಿಗೆ ತಟ್ಟಿ ಪಳಗಿದ ಕೈ. "ಹೋದ. ಉಣ್ಣಿ" ಎಂದು ಡೋಲಿನವನು ಕೂಗಿದ. ಅವಳು ಮನೆಗೆ ಬಂದು ಉಂಡಳು. ನೆರೆಮನೆಯವರು ಮೆಚ್ಚಿದರು. ಮಾರನೆಯ ದಿನ ತಾನೇ ಮಣ್ಣು ತುಳಿದಳು. ಹೆಜ್ಜೆಗಳು ಒಂದೇ ಸಮ ಬಿದ್ದವು. ಕೆಲಸ ಹಗುರವಾಯಿತು ಅಂದುಕೊಂಡಳು. ಅದನ್ನು ಬಿಟ್ಟು ಅವಳಿಗೆ ಬೇರೆ ಏನೂ ಅನ್ನಿಸಲಿಲ್ಲ.

ನೆರೆ ಬಂತು, ಇಳಿಯಿತು. ಮತ್ತೆ ಬಂತು, ಇಳಿಯಿತು. ಮರುಭೂಮಿಯ ಕಡೆಯಿಂದ ಧೂಳುಗಾಳಿ ಬೀಸಿ ಸೂರ್ಯನನ್ನು ಬಿಳಿಚಿ ಹೋದ ಬಿಲ್ಲೆಯಂತೆ ಮಾಡಿತು, ನಿಂತಿತು. ಹುಲ್ಲು ಆಳೆತ್ತರ ಬೆಳೆಯಿತು, ಉರಿದು ಕಪ್ಪಾಯಿತು, ಮತ್ತೆ ಚಿಗುರಿತು. ಅವಳು ಗಡಿಗೆ ತಟ್ಟಿದಳು, ಸುಟ್ಟಳು, ಮಾರಿದಳು, ಉಂಡಳು.

ಒಂದು ದಿನ ಸೂಲಗಿತ್ತಿ ಬಂದು ಅವಳ ಬಾಗಿಲಿಗೆ ಮಣಿಸರ ತೂಗುಹಾಕಿ ಹೋದಳು. ಬಹಳ ದಿನ ಯಾರೂ ಬರಲಿಲ್ಲ. ಸರ ಗಾಳಿಗೆ ಅಲ್ಲಾಡುತ್ತ ಇತ್ತು.

ಆಮೇಲೆ ಉಪ್ಪಿನ ದೋಣಿ ಬಂತು.

ಅವಳು ಗಡಿಗೆಗಳನ್ನು ಹೊತ್ತು ರೇವಿಗೆ ಬಂದಿದ್ದಳು. ಆಳುಗಳು ಉಪ್ಪಿನ ಹಲಗೆಗಳನ್ನು ಇಳಿಸುತ್ತಿದ್ದರು, ಕತ್ತೆಗಳು ನಿಂತಿದ್ದವು, ಒಣಮೀನಿನ ವಾಸನೆ ಎಂದಿನಂತೆ ಮೂಗಿಗೆ ಹೊಡೆಯುತ್ತಿತ್ತು. ದೋಣಿಯಿಂದ ಒಬ್ಬ ಇಳಿದಿದ್ದ. ಮೊದಲು ದಡದ ಕೆಸರಿಗೆ ಕಾಲಿಟ್ಟು, ಯಾರೋ ಗದರಿಸಿದ ಮೇಲೆ ಕಟ್ಟಳೆ ನೆನಪಾಗಿ ಹಿಂದಕ್ಕೆ ನೀರಿಗೆ ಹೋಗಿ ನಿಂತಿದ್ದ. ಬಿಸಿಲಿಗೆ ಸುಟ್ಟು ಕರಕಲಾದ ಮುಖ, ಉಪ್ಪು ಕಡಿದು ಬಿರಿದ ತುಟಿ. ಅವಳು ಮುಖ ನೋಡಲಿಲ್ಲ. ಕೆಸರು ನೋಡಿದಳು. ಒಂದು ಹೆಜ್ಜೆ ಆಳ, ಒಂದು ಹೆಜ್ಜೆ ತೇಲು.

ತಲೆಯ ಮೇಲಿನ ಗಡಿಗೆಗಳು ಅಲುಗಲಿಲ್ಲ. ಅವುಗಳನ್ನು ಒಂದೊಂದಾಗಿ ಇಳಿಸಿದಳು. ಪಕ್ಕದಲ್ಲಿ ಮೀನಿನವಳು ಕೂತಿದ್ದಳು. ಹೊಗೆ ಹಾಕಿದ ಮೀನು ಮಾರುವವಳು, ಗಡಿಗೆ ಮಾಡುವವಳ ಗೋಡೆಗೆ ಗೋಡೆ ತಾಗಿದ ಮನೆಯವಳು, ಊರಿನಲ್ಲಿ ಬಾಯಿ ಬಿಗಿಹಿಡಿಯಲು ಬಾರದ ಒಬ್ಬಳೇ ಹೆಂಗಸು. ಅವಳಿಗೂ ಆ ಹೆಜ್ಜೆ ಗೊತ್ತಿತ್ತು. ಮಣ್ಣು ತುಳಿಯುವ ಸದ್ದು ಗೋಡೆಯಾಚೆಯಿಂದ ಎಷ್ಟೋ ವರ್ಷ ಕೇಳಿದ್ದಳು.

"ನೋಡ್ದೆಯಾ?" ಎಂದಳು ಮೀನಿನವಳು ದನಿ ತಗ್ಗಿಸಿ, ಮೀನನ್ನು ತಿರುವಿ ಹಾಕುತ್ತ.

"ನೋಡ್ದೆ ಅಕ್ಕ."

"ಸರ ನಿನ್ನ ಬಾಗಿಲಲ್ಲಿದೆ."

"ಹೌದು."

ಮೀನಿನವಳು ನೊಣ ಅಟ್ಟಿದಳು. "ನನ್ನ ಬಾಗಿಲಲ್ಲಾದರೂ ಇರಬಾರದಿತ್ತಾ? ನಾನೇ ಹೆತ್ತು, ಒಂದು ನೆರೆ ಸಾಕಿ, ಬಟ್ಟಲು ಕೊಟ್ಟು, ನಿನ್ನನ್ನೇ ಸೊಸೆ ಮಾಡ್ಕೊಳ್ತಿದ್ದೆ. ಅತ್ತೆ ಅಂದ್ರೆ ಹೇಗಿರಬೇಕು ಅಂತ ತೋರಿಸ್ತಿದ್ದೆ. ದಿನಾ ಬೆಳಿಗ್ಗೆ ನನ್ನ ಪಾಲಿನ ಸಜ್ಜೇನೂ ನೀನೇ ಕುಟ್ಟಬೇಕಾಗ್ತಿತ್ತು."

ಅವಳು ನಕ್ಕಳು. ಬಾಯಿ ಮುಚ್ಚಿಕೊಂಡಿತು.

"ಈಗ ಮಗ ಆಗ್ತಾನೆ ನಿನಗೆ," ಎಂದಳು ಮೀನಿನವಳು. "ಮನೇಲಿ ಇರ್ತಾನಲ್ಲ, ಅಷ್ಟಾಯ್ತು. ಮಗ ಆದ ಮೇಲೆ ಮಗನೇ, ಮತ್ತೆ ಗಂಡ ಆಗಲ್ಲ. ದೊಡ್ಡವನಾದ ಮೇಲೆ ನೀನೇ ಅವನಿಗೊಂದು ಹೆಣ್ಣು ತರಬೇಕಾಗುತ್ತೆ. ಆಗುತ್ತಾ ನಿನ್ನ ಕೈಲಿ?"

"ಆಗದೆ ಏನು?" ಎಂದಳು ಗಡಿಗೆ ಮಾಡುವವಳು. ನಿಜಕ್ಕೂ ಅವಳಿಗೆ ಆಗದ್ದು ಏನೂ ಕಾಣಲಿಲ್ಲ. ಅದೇ ಅವಳಿಗೆ ಮೊದಲ ಬಾರಿ ಸ್ವಲ್ಪ ಹೆದರಿಕೆ ಹುಟ್ಟಿಸಿತು. ತನ್ನ ಕೈಯನ್ನು ಯಾರೋ ಕಡಿಯುತ್ತಿದ್ದಾರೆ, ತಾನು ನಿಂತು ನೋಡುತ್ತಿದ್ದೇನೆ, ನೋವು ಮಾತ್ರ ಇಲ್ಲ ಎನ್ನುವ ಹಾಗಿತ್ತು. ಇದು ಸರಿಯೇ?

ಕೇಳಲು ಹೊತ್ತಿರಲಿಲ್ಲ. ಸೂಲಗಿತ್ತಿ ಬಂದಳು. ಊರಿನ ಎಲ್ಲರಿಗಿಂತ ಹಿರಿಯಳು, ಬೆನ್ನು ಬಾಗಿದ್ದರೂ ಕಟ್ಟಳೆಯ ವಿಷಯಕ್ಕೆ ಮರದ ಕೊರಡು. ಮಣೆ ಹಾಕಿಸಿದಳು. ಡೋಲಿನವನನ್ನು ಕರೆಸಿದಳು. ಕೇರಿಯ ಹೆಂಗಸರು ನೀಲಿ ಬಟ್ಟೆ ತಂದರು. ಗಡಿಗೆ ಮಾಡುವವಳು ಮಣೆಯ ಮೇಲೆ ಕೂತಳು. ಬಟ್ಟೆ ತಲೆಯ ಮೇಲೆ ಬಿತ್ತು. ಲೋಕ ನೀಲಿಯಾಯಿತು.

ನೀರು ಕಲಕುವ ಸದ್ದು. ಮಂಡಿಯೂರಿ ತೆವಳುವ ಸದ್ದು. ಹಿಂದೆ ಬಟ್ಟೆ ಎದ್ದಿತು, ಬಿದ್ದಿತು. ಉಪ್ಪಿನ ವಾಸನೆ ಬಂತು. ಅವನು ತೆವಳಿಕೊಂಡು ಅವಳ ಮುಂದೆ ಬಂದು ಕೂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬಟ್ಟೆಯೊಳಗೆ ಏನಾಗುತ್ತದೆಂದು ಹೊರಗಿನವರಿಗೆ ಕಾಣದು. ಅಳು ಮಾತ್ರ ಕೇಳಬೇಕು.

"ನೀನಾ?" ಎಂದ ಅವನು, ಪಿಸುದನಿಯಲ್ಲಿ.

"ಅಳು," ಎಂದಳು ಅವಳು. "ಬೇಗ ಅತ್ತುಬಿಡು."

"ನೀನೇ ಅಂತ ಗೊತ್ತಿದ್ದರೆ ಇಳೀತಾನೇ ಇರಲಿಲ್ಲ."

"ಸರ ನನ್ನ ಬಾಗಿಲಲ್ಲಿತ್ತು. ನಾನೇನು ಮಾಡ್ಲಿ? ಅಳು."

ಅವನು ಅಳಲಿಲ್ಲ. "ಉಪ್ಪಿನ ಗಣಿಯಲ್ಲಿ ದಿನಾ ಒಂದೇ ಯೋಚನೆ ಮಾಡ್ತಿದ್ದೆ," ಎಂದ. "ಯಾರೋ ಒಬ್ಬಳು ಹೆರ್ತಾಳೆ. ಒಂದು ನೆರೆ ಕಳೀಲಿ. ಬಟ್ಟಲು ಸಿಗಲಿ. ಆಮೇಲೆ ಹೊಸ ಹೆಸರು ಹೊತ್ಕೊಂಡು ನಿನ್ನ ಬಾಗಿಲಿಗೆ ಬಂದು, ಅಮ್ಮಾ, ಮಣ್ಣು ತುಳಿಯೋಕೆ ಆಳು ಬೇಕಾ ಅಂತ ಕೇಳೋಣ ಅಂತ. ನೀನು ಬೇಡ ಅಂತಿದ್ದೆ. ನಾನು ಮತ್ತೆ ಬಂದು ಕೇಳ್ತಿದ್ದೆ. ಅಷ್ಟೇ ಯೋಚನೆ ಮಾಡಿದ್ದು. ಈಗ ಮಗನಾಗಿ ನಿನ್ನ ಮನೆಗೆ ಹೇಗೆ ಬರ್ಲಿ?"

"ಬರದೆ ಹೋದ್ರೆ ದೋಣಿಗೆ ಹತ್ತಿಸ್ತಾರೆ. ಮತ್ತೆ ಇಳಿಸಲ್ಲ."

"ಗೊತ್ತು."

ಹೊರಗಿನಿಂದ ಸೂಲಗಿತ್ತಿಯ ದನಿ ಬಂತು: "ಏನು, ಕೂಸು ಅಳ್ತಿಲ್ಲ?"

"ಅಳುತ್ತೆ ಅಜ್ಜಿ," ಎಂದಳು ಗಡಿಗೆ ಮಾಡುವವಳು.

ಅವನು ಅವಳ ಕೈ ಹಿಡಿದುಕೊಂಡ. "ನನ್ನ ನೋಡಿದಾಗ ಏನನ್ನಿಸ್ತು? ನಿಜ ಹೇಳು."

ಅವಳು ಒಳಗೆಲ್ಲ ಹುಡುಕಿದಳು. ಸುಳ್ಳು ಹೇಳಬಹುದಿತ್ತು. "ಏನೂ ಅನ್ನಿಸಲಿಲ್ಲ," ಎಂದಳು. "ಹೆಜ್ಜೆ ನೋಡಿ ನೀನೇ ಅಂತ ತಿಳೀತು. ಒಳಗೆ ಏನೂ ಆಗಲಿಲ್ಲ. ಬಟ್ಟಲು ಒಡೆದ ದಿನದಿಂದ ಹೀಗೇ ಇದ್ದೀನಿ. ನಿನ್ನ ಮೇಲೆ ಏನೂ ಉಳಿದಿಲ್ಲ ನನ್ನ ಹತ್ರ. ಬೇಜಾರು ಮಾಡ್ಕೋಬೇಡ."

"ನಂಗೂ ಅಷ್ಟೇ," ಎಂದ ಅವನು. "ಏನೂ ಇಲ್ಲ. ಆದರೂ ಬಂದೆ."

ಇಷ್ಟು ಹೇಳಿ ಅವನು ತುಟಿ ಬಿಗಿದುಕೊಂಡ. ಅವನು ಅಳುವುದಿಲ್ಲವೆಂದು ಅವಳಿಗೆ ಗೊತ್ತಾಯಿತು. ಮಣ್ಣಿನ ಹತ್ತಿರ ಜಗಳವಾಡುವವನು, ಒಮ್ಮೆ ಹಟ ಹಿಡಿದರೆ ಮುಗಿಯಿತು. ಹೊರಗೆ ಜನ ಗುಸುಗುಸು ಅನ್ನತೊಡಗಿದರು. ಡೋಲಿನವನು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಸತ್ತು ಹುಟ್ಟಿದ ಹಾಗಿದೆ, ದೋಣಿಯವರಿಗೆ ಹೊರಡಬೇಡಿ ಅನ್ನಿ," ಎಂದು ಯಾರೋ ಹೇಳಿದರು.

ಆಗ ಗಡಿಗೆ ಮಾಡುವವಳಿಗೆ ಒಂದು ಉಪಾಯ ಹೊಳೆಯಿತು. ಬಟ್ಟೆಯೊಳಗೆ ಅತ್ತವರು ಯಾರೆಂದು ಹೊರಗೆ ಯಾರಿಗೆ ಕಾಣುತ್ತದೆ? ಅವನ ಬದಲು ತಾನು ಅತ್ತರಾಯಿತು. ಡೋಲು ಬಾರಿಸುತ್ತಾರೆ, ಕೂಸು ಹುಟ್ಟುತ್ತದೆ, ಇಷ್ಟವಿದ್ದರೂ ಇಲ್ಲದಿದ್ದರೂ ಅವನು ಮನೆಗೆ ಬರುತ್ತಾನೆ. ಮಗನೋ ಮತ್ತೊಂದೋ, ಜೀವವೊಂದು ಉಳಿಯಲಿ. ಅವಳು ಇದನ್ನು ಪ್ರೀತಿಯಿಂದ ಯೋಚಿಸಲಿಲ್ಲ. ಒಡೆಯುವ ಹಾಗಿರುವ ಗಡಿಗೆಗೆ ಕೈ ಕೊಡುವಂತೆ, ಕೈ ಮುಂದಾಯಿತು, ಅಷ್ಟೇ.

ಆದರೆ ಅಳುವುದು ಹೇಗೆ? ಮಗುವಾಗಿದ್ದಾಗ ಅತ್ತದ್ದು ಅವಳಿಗೆ ನೆನಪಿರಲಿಲ್ಲ. ಆಡಿನ ಮರಿ ಕೂಗುವುದನ್ನು ನೆನಪು ಮಾಡಿಕೊಂಡಳು. ಗಂಟಲು ಸರಿಮಾಡಿಕೊಂಡು, ಗಂಡು ದನಿ ಬರಲೆಂದು ಗದ್ದವನ್ನು ಎದೆಗೆ ಒತ್ತಿ, ಒಂದು ಸದ್ದು ಮಾಡಿದಳು. ಒಣಕಲು ಸದ್ದು. ಕೇಳಿದವರಿಗೆ ಅನುಮಾನ ಬರುವಂಥದ್ದೇ. ಆದರೂ ಹೊರಗೆ ಡೋಲಿನವನು ಕೋಲು ಎತ್ತಿದ, ಸೂಲಗಿತ್ತಿಯ ಕೈ ಅರ್ಧ ಮೇಲೆದ್ದಿತು. ಅಲ್ಲಿಗೆ ನಿಂತಿದ್ದರೆ ಎಲ್ಲ ಮುಗಿದು ಹೋಗುತ್ತಿತ್ತು.

ಅದು ನಿಲ್ಲಲಿಲ್ಲ. ಸದ್ದಿನ ಹಿಂದೆ ಇನ್ನೊಂದು ಸದ್ದು ಬಂತು. ಅದನ್ನು ಅವಳು ಮಾಡಿರಲಿಲ್ಲ. ಅದರ ಹಿಂದೆ ಮತ್ತೊಂದು. ಅವಳು ಬಾಯಿ ಮುಚ್ಚಲು ನೋಡಿದಳು, ಬಾಯಿ ಮುಚ್ಚಲಿಲ್ಲ. ಅವನು ಕೈ ಅಡ್ಡ ಹಿಡಿದ, ಬೆರಳ ಸಂದಿಯಿಂದ ಅಳು ಹೊರಗೆ ಬಂತು. ಬಟ್ಟಲು ಒಡೆದ ದಿನ ಉಂಡ ಗಂಜಿ, ತಾನೇ ತುಳಿದ ಮಣ್ಣು, ಹಗುರಾಯಿತೆಂದು ಅಂದುಕೊಂಡ ಬೆಳಗುಗಳು, ಎಲ್ಲವೂ ಒಂದರ ಮೇಲೊಂದು ನೂಕಿಕೊಂಡು ಬಂದವು. ಅವಳಿಗೆ ನೋವಾಯಿತು. ಪಕ್ಕೆಲುಬು ಮುರಿಯುವ ಹಾಗೆ ನೋವಾಯಿತು. ಅವಳು ಗಂಡನ ಭುಜಕ್ಕೆ ಹಲ್ಲೂರಿ ಅತ್ತಳು. ರೇವಿನಲ್ಲಿದ್ದ ಕತ್ತೆಗಳೆಲ್ಲ ಕಿವಿ ನಿಮಿರಿಸಿದವು. ಉಪ್ಪು ಇಳಿಸುತ್ತಿದ್ದ ಆಳುಗಳು ಹಲಗೆ ಹೊತ್ತುಕೊಂಡೇ ನಿಂತರು.

"ಬಟ್ಟೆ ತೆಗೀರಿ," ಎಂದಳು ಸೂಲಗಿತ್ತಿ.

ಬಟ್ಟೆ ತೆಗೆದರು. ಮಣೆಯ ಮೇಲೆ ಕೂತವಳ ಮುಖವೆಲ್ಲ ಒದ್ದೆ. ಅವಳ ಮುಂದೆ ಮಂಡಿಯೂರಿದವನ ಕಣ್ಣು ಒಣಗಿತ್ತು.

ಡೋಲಿನವನೇ ಮೊದಲು ಬಾಯಿಬಿಟ್ಟ. "ಇವಳು ಗುರುತು ಹಿಡಿದಿದ್ದಾಳೆ. ಕಾದಿದ್ದಾಳೆ. ಇವನನ್ನ ದೋಣಿಗೆ ಹತ್ತಿಸಬೇಕು."

"ನಾನು ಕಾಯಲಿಲ್ಲ," ಎಂದಳು ಗಡಿಗೆ ಮಾಡುವವಳು, ಬಿಕ್ಕುತ್ತ. "ಒಂದು ದಿನವೂ ಕಾಯಲಿಲ್ಲ. ಅದಕ್ಕೇ ಅಳ್ತಿದ್ದೀನಿ."

ಸೂಲಗಿತ್ತಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬೆನ್ನಿಗೆ ಕೈ ಕೊಟ್ಟು ನೆಟ್ಟಗಾಗಿ ಹೇಳಿದಳು: "ಬಟ್ಟೆಯೊಳಗೆ ಅತ್ತವರು ಹುಟ್ಟಿದವರು. ಕಟ್ಟಳೆ ಅಷ್ಟೇ ಹೇಳುತ್ತೆ. ಗಂಡಸು ಅಳಬೇಕು ಅಂತ ಹೇಳಲ್ಲ, ನೀರಿಂದ ಬಂದವರೇ ಅಳಬೇಕು ಅಂತಾನೂ ಹೇಳಲ್ಲ. ಅತ್ತದ್ದು ಇವಳು. ಹುಟ್ಟಿದ್ದೂ ಇವಳೇ. ಈಗ ಹುಟ್ಟಿದ ಕೂಸಿಗೆ ಯಾರ ಗುರುತಿರುತ್ತೆ?"

ಅದು ಕರುಣೆಯೋ, ಕಟ್ಟಳೆಯ ಅಕ್ಷರ ಬಿಡದ ಮುದುಕಿಯ ಹಟವೋ, ನನಗೆ ಗೊತ್ತಿಲ್ಲ. ಆ ಊರಿನಲ್ಲಿ ಎರಡರ ಮುಖವೂ ಒಂದೇ ಥರ ಇರುತ್ತದೆ.

"ಹಾಗಾದ್ರೆ ಹೆತ್ತವರು ಯಾರು?" ಎಂದ ಡೋಲಿನವನು.

"ಇನ್ಯಾರು?" ಎಂದು ಮೀನಿನವಳು ಜನರ ನಡುವಿನಿಂದ ಕೂಗಿದಳು. "ಬಟ್ಟೆಯೊಳಗೆ ಇದ್ದವರು ಇಬ್ಬರು. ಒಬ್ಬಳು ಹುಟ್ಟಿದಳು. ಉಳಿದವನೇ ತಾಯಿ! ನೋಡ್ರೋ, ಎಂಥಾ ಕರಕಲು ಮುಖದ ತಾಯಿ, ಗಡ್ಡ ಬೇರೆ ಇದೆ!"

ಜನ ನಕ್ಕರು. ಈ ಸಲ ನಕ್ಕ ಬಾಯಿಗಳು ಬೇಗ ಮುಚ್ಚಲಿಲ್ಲ. ಸೂಲಗಿತ್ತಿ ಮಾತ್ರ ನಗಲಿಲ್ಲ. ಕೈ ಎತ್ತಿ ಸುಮ್ಮನಿರಿಸಿದಳು. "ಹೌದು," ಎಂದಳು. "ಹೆತ್ತವರು ಕೂಸನ್ನ ತಮ್ಮ ಮನೆಗೆ ಕರ್ಕೊಂಡು ಹೋಗ್ಬೇಕು." ಅವನ ಕಡೆ ತಿರುಗಿದಳು. "ನಿನ್ನ ಮನೆ ಎಲ್ಲಿ?"

ಅವನು ಸುತ್ತ ನೋಡಿದ. ಊರಿನಲ್ಲಿ ಅವನಿಗೆ ಮನೆಯಿರಲಿಲ್ಲ. ಹುಟ್ಟದೆ ಉಳಿದವನಿಗೆ ಮನೆ ಎಲ್ಲಿಂದ ಬರಬೇಕು? ಅವನು ದೋಣಿಯನ್ನು ತೋರಿಸಿದ.

"ಹಾಗಾದ್ರೆ ಕರ್ಕೊಂಡು ಹೋಗು," ಎಂದಳು ಸೂಲಗಿತ್ತಿ.

ಇಬ್ಬರೂ ನೀರಿಗಿಳಿದರು. ಅವಳು ಇನ್ನೂ ಅಳುತ್ತಲೇ ಇದ್ದಳು. ಅಳುತ್ತಲೇ, ನೀರು ತುಂಬಿದ ತನ್ನದೇ ಒಂದು ಗಡಿಗೆಯನ್ನು ಮೀನಿನವಳ ಕೈಯಿಂದ ತೆಗೆದುಕೊಂಡಳು. ಮೀನಿನವಳು ಒಂದು ಹಿಡಿ ಒಣಮೀನನ್ನೂ ಅವಳ ಸೆರಗಿಗೆ ತುರುಕಿದಳು.

ದೋಣಿ ಹೊರಟಿತು. ಗಳ ಊರಿದರು, ಎತ್ತಿದರು, ಊರಿದರು. ನೆಲ ಸಿಗದ ಜಾಗ ಬಂತು. ದೋಣಿಯವನು ಎಂದಿನಂತೆ ಗಳವನ್ನು ಮೇಲೆತ್ತಿ ತೋರಿಸಿದ. ಡೋಲಿನವನು ಕೋಲು ಎತ್ತಿದ, ಹಾಗೇ ನಿಂತ. ಬಟ್ಟಲು ಒಡೆಯುವವರು ಯಾರೂ ಇರಲಿಲ್ಲ. ಈಗಷ್ಟೇ ಹುಟ್ಟಿದ ಕೂಸಿಗೆ ಬಟ್ಟಲು ಎಲ್ಲಿಯದು? ಬಟ್ಟಲು ಒಡೆಯದೆ ಡೋಲು ಬಾರಿಸುವ ಹಾಗಿಲ್ಲ. ಡೋಲು ಬಾರಿಸದೆ ಅವಳು ಸತ್ತ ಹಾಗಲ್ಲ.

ಡೋಲಿನವನು ಸೂಲಗಿತ್ತಿಯ ಮುಖ ನೋಡಿದ. ಅವಳು ಗಳವನ್ನೇ ನೋಡುತ್ತಿದ್ದಳು. ಗಳ ಬಹಳ ಹೊತ್ತು ಮೇಲೆಯೇ ಇತ್ತು. ಆಮೇಲೆ ದೋಣಿಯವನೂ ಕೈ ಸೋತು ಅದನ್ನು ಇಳಿಸಿದ. ದೋಣಿ ಚಿಕ್ಕದಾಯಿತು, ಇನ್ನೂ ಚಿಕ್ಕದಾಯಿತು, ಬಿಸಿಲ ಝಳದಲ್ಲಿ ಕರಗಿತು. "ಉಣ್ಣಿ" ಎಂದು ಯಾರೂ ಕೂಗಲಿಲ್ಲ. ಊಟಕ್ಕೆ ಹೋಗಬೇಕೋ ಬೇಡವೋ ಎಂದು ತಿಳಿಯದೆ ಜನ ಬಿಸಿಲಲ್ಲೇ ನಿಂತರು. ಕಡೆಗೆ ಒಬ್ಬೊಬ್ಬರಾಗಿ ಮನೆಗೆ ಹೋದರು.

ಮಾರನೆಯ ದಿನ ಮತ್ತೊಂದು ದೋಣಿ ಬಂತು. ಮೀನಿನವಳು ತನ್ನ ಬುಟ್ಟಿ ಅಲ್ಲೇ ಬಿಟ್ಟು ನೀರಿನವರೆಗೂ ಹೋದಳು.

"ದಾರೀಲಿ ಇಬ್ಬರನ್ನ ಕಂಡಿರಾ?" ಎಂದು ಕೇಳಿದಳು. "ಒಬ್ಬ ಗಂಡಸು, ಒಬ್ಬಳು ಹೆಂಗಸು. ಅಳ್ತಾ ಇರ್ತಾಳೆ."

ದೋಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಆ ರೇವಿನಲ್ಲಿ ಅವರನ್ನು ಯಾರೂ ಇಂಥ ಮಾತು ಕೇಳಿರಲಿಲ್ಲ. "ಇಲ್ಲ," ಎಂದರು. "ನಿಮಗೆ ಏನಾಗಬೇಕು ಅವರು?"

ಅವಳಿಗೆ ಏನು ಹೇಳಬೇಕೋ ಹೊಳೆಯಲಿಲ್ಲ. "ನಮ್ಮೋರು," ಎಂದಳು.

ವಾಪಸು ಬಂದವಳು ಬುಟ್ಟಿಯ ಹತ್ತಿರ ಹೋಗದೆ, ನೀರಂಚಿನ ಕಲ್ಲಿನ ಮೇಲೆ ಕೂತಿದ್ದ ಸೂಲಗಿತ್ತಿಯ ಪಕ್ಕದಲ್ಲಿ ಕುಕ್ಕರಿಸಿದಳು.

"ಅಜ್ಜಿ, ನಿನ್ನೆಯಿಂದ ಇಲ್ಲಿ ನೋಯ್ತಾ ಇದೆ," ಎಂದಳು ಮೀನಿನವಳು, ಎದೆ ಮುಟ್ಟಿ ತೋರಿಸುತ್ತ. "ಉಂಡರೂ ಹೋಗ್ತಿಲ್ಲ, ಮಲಗಿದರೂ ಹೋಗ್ತಿಲ್ಲ. ಏನಾದರೂ ಮದ್ದಿದ್ದರೆ ಕೊಡು."

"ಮದ್ದಿದೆ," ಎಂದಳು ಸೂಲಗಿತ್ತಿ. "ಅದನ್ನ ಕುಡಿದೇ ನಾವೆಲ್ಲ ಹೀಗಾದದ್ದು."

ಮೀನಿನವಳು ನದಿಯ ಕಡೆ ಮುಖ ಮಾಡಿ ಕೂತಳು. ಮುದುಕಿಯೂ ಎದ್ದು ಹೋಗಲಿಲ್ಲ.